ಸಾಲದ ಲೆಕ್ಕಕ್ಕೊಂದು ಮೇಜು ಕೊಡಿ: ಜಿಲ್ಲಾಧಿಕಾರಿಗಳಿಗೆ ಅಂಕೋಲೆಯಿಂದ ಒಂದು ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ಲೀಡ್ ಬ್ಯಾಂಕಿನವರಿಗೆ, ಸಹಕಾರಿ ಸಂಘಗಳ ಆಡಳಿತ ಮಂಡಳಿಯವರಿಗೆ, ಮತ್ತು ಮಾಜಾಳಿಯಿಂದ ಭಟ್ಕಳದವರೆಗಿನ ನನ್ನ ಅಕ್ಕತಂಗಿಯರಿಗೆ,

ನಮಸ್ಕಾರ.

ಅಂಕೋಲೆಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಒಂದು ಮಷೀನು, ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಅರ್ಜಿ ಬರೆದುಕೊಡುತ್ತೇನೆ, ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುತ್ತೇನೆ, ಪಹಣಿ ತೆಗೆದುಕೊಡುತ್ತೇನೆ. ಅಂಗಡಿ ಇಟ್ಟು ಹನ್ನೊಂದು ವರ್ಷ ಆಯ್ತು. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನೋದು ಅವರು ಝೆರಾಕ್ಸಿಗೆ ತರುವ ಕಾಗದದಲ್ಲೇ ಗೊತ್ತಾಗಿಬಿಡುತ್ತದೆ. ಮೊದಲೆಲ್ಲ ಜಾಸ್ತಿ ಬರುತ್ತಿದ್ದದ್ದು ಜಾತಿ ಪ್ರಮಾಣಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಮದುವೆ ಕಾಗದ. ಈಗ ದಿನಕ್ಕೆ ನಾಲ್ಕೈದು ಜನರಾದರೂ ಸಾಲದ ಕಾಗದ ಹಿಡಿದುಕೊಂಡೇ ಬರುತ್ತಾರೆ.

ಕಳೆದ ಮಳೆಗಾಲದ ಒಂದು ದಿನ. ಜೂನ್ ತಿಂಗಳು. ಬೋಟುಗಳೆಲ್ಲ ದಡಕ್ಕೆ ಬಂದಿದ್ದವು. ಮೀನು ಮಾರುವ ಅಕ್ಕ ಒಬ್ಬರು ಅಂಗಡಿಗೆ ಬಂದರು. ಸೆರಗಿನ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಮಳೆಗೆ ಒದ್ದೆಯಾಗಬಾರದು ಅಂತ ಎರಡು ಸುತ್ತು ಸುತ್ತಿ ರಬ್ಬರ್ ಹಾಕಿದ್ದರು. ಆಧಾರ್ ಕಾರ್ಡು, ರೇಷನ್ ಕಾರ್ಡು ಎರಡರದ್ದೂ ಒಂದೊಂದು ಪ್ರತಿ ಬೇಕಿತ್ತು. ಆಧಾರ್ ಎಳೆಯುವಾಗ ಕವರಿನಲ್ಲಿದ್ದ ಉಳಿದ ಕಾಗದವೂ ಜಾರಿ ಮೇಜಿನ ಮೇಲೆ ಬಿತ್ತು. ನಾಲ್ಕು ಸಾಲದ ಕಾರ್ಡು, ಒಂದು ಸೊಸೈಟಿ ಪಾಸ್‌ಬುಕ್ಕು, ಬಂಗಾರ ಅಡವಿಟ್ಟ ಒಂದು ಚೀಟಿ.

"ಮತ್ತೆ ಸಾಲ ತಗೊಳ್ತೀರಾ ಅಕ್ಕಾ?" ಅಂದೆ.

"ಹೌದೆ ತಂಗಿ. ಮೊದಲಿನದರ ಕಂತು ಕಟ್ಟೂಕೆ" ಅಂದರು.

"ಒಟ್ಟು ಎಷ್ಟಿದೆ?"

ಅದಕ್ಕೆ ಅವರು ಮೊತ್ತ ಹೇಳಲಿಲ್ಲ. ದಿನ ಹೇಳಿದರು. ಮಂಗಳವಾರ ಒಂದು, ಗುರುವಾರ ಒಂದು, ತಿಂಗಳ ಐದಕ್ಕೆ ಒಂದು, ಹನ್ನೆರಡಕ್ಕೆ ಇನ್ನೊಂದು. ಯಾವ ದಿನ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲ ಬಾಯಿಪಾಠ. ಒಟ್ಟು ಎಷ್ಟು ಅಂತ ಮಾತ್ರ ಒಂದು ದಿನವೂ ಕೂಡಿಸಿರಲಿಲ್ಲ. ನಾನು ಅಲ್ಲೇ ಒಂದು ಹಾಳೆಯ ಹಿಂಬದಿಗೆ ಕೂಡಿಸಿದೆ. ಕಂತೇ ತಿಂಗಳಿಗೆ 11,460 ರೂಪಾಯಿ ಆಯಿತು. ಆ ತಿಂಗಳು ಅವರ ಮನೆಗೆ ಬರುತ್ತಿದ್ದದ್ದು ಏಳು ಸಾವಿರವೂ ಇಲ್ಲ.

ಒಂದು ಅರ್ಜಿಯ ಪ್ರತಿಯೂ ಆ ಕವರಿನಲ್ಲಿತ್ತು. ಮನೆಯ ಆದಾಯ ಅನ್ನುವ ಜಾಗದಲ್ಲಿ 24,000 ಅಂತ ಬರೆದಿತ್ತು. "ಇಷ್ಟು ಬರ್ತದಾ ಅಕ್ಕಾ?" ಅಂತ ಕೇಳಿದೆ. ಅವರು ಆ ಅಂಕಿಯನ್ನೇ ನೋಡಿರಲಿಲ್ಲ. ಬಂದ ಹುಡುಗ ತಾನೇ ಬರೆದುಕೊಂಡು ಸಹಿ ಹಾಕಿಸಿಕೊಂಡು ಹೋಗಿದ್ದ. ಕಿರುಸಾಲ (ಮೈಕ್ರೋಫೈನಾನ್ಸ್) ಕೊಡುವಾಗ ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. 24,000ದ ಅರ್ಧ 12,000. ಅಕ್ಕನ ಕಂತು 11,460. ಕಾಗದದ ಮೇಲೆ ಎಲ್ಲ ಸರಿಯಾಗಿ ಕೂತಿತ್ತು. ಅವರ ಅಡುಗೆಮನೆಯಲ್ಲಿ ಮಾತ್ರ ಅಕ್ಕಿಗೆ ದುಡ್ಡಿರಲಿಲ್ಲ.

ಈ ಪತ್ರ ಬರೆಯಬೇಕು ಅಂತ ನನಗೆ ಅನಿಸಿದ್ದು ಅವತ್ತೇ. ನನ್ನ ಬೇಡಿಕೆ ಒಂದೇ. ನಮ್ಮ ಜಿಲ್ಲೆಯಲ್ಲಿ ಸಾಲ ಕೊಡಲು ಬೇಕಾದಷ್ಟು ಜನ ಇದ್ದಾರೆ. ಮನೆ ಬಾಗಿಲಿಗೇ ಬರುತ್ತಾರೆ. ಸಾಲದಲ್ಲಿ ಸಿಕ್ಕಿಕೊಂಡವರು ಎಲ್ಲ ಕಾಗದ ತಂದು ಮುಂದಿಟ್ಟು, "ಇದನ್ನ ಹೇಗೆ ತೀರಿಸಲಿ?" ಅಂತ ಕೇಳುವ ಜಾಗ ಒಂದೂ ಇಲ್ಲ. ಅಂಥ ಒಂದು ಮೇಜನ್ನು ಪ್ರತಿ ತಾಲ್ಲೂಕಿನಲ್ಲಿ ಹಾಕಿಸಿಕೊಡಿ.

ಇದನ್ನು ನಾನು ಸುಮ್ನೆ ಊಹೆ ಮಾಡಿ ಹೇಳುತ್ತಿಲ್ಲ. ನಾನೂ ಆ ಅಕ್ಕನ ಜಾಗದಲ್ಲಿ ಕೂತವಳೇ.

ನಮ್ಮನೆಯವರು ಟ್ರಾಲ್ ಬೋಟಿಗೆ ಹೋಗುತ್ತಾರೆ. ಪಾಲಿನ ಲೆಕ್ಕದಲ್ಲಿ ದುಡ್ಡು. ಮೀನು ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಸಮುದ್ರಕ್ಕೆ ಇಳಿಯುವ ಹಾಗೇ ಇಲ್ಲ. 2019ರಲ್ಲಿ ಮಾಡು ರಿಪೇರಿಗೆ ಸೊಸೈಟಿ ಸಾಲ ಮಾಡಿದೆವು, ಬಂಗಾರ ಅಡವಿಟ್ಟೆವು. ಮರುವರ್ಷ ಲಾಕ್‌ಡೌನ್. ಅಂಗಡಿ ಬಾಗಿಲು ಹಾಕಿತು, ಬೋಟೂ ನಿಂತಿತು. ಕಂತು ತುಂಬಲು ಗುಂಪಿಗೆ ಸೇರಿ ಒಂದು ಕಿರುಸಾಲ, ಅದರ ಕಂತಿಗೆ ಇನ್ನೊಂದು. ಕೊನೆಗೆ ಒಬ್ಬರ ಹತ್ತಿರ 40,000 ಕೈಸಾಲ, ನೂರಕ್ಕೆ ಐದು ರೂಪಾಯಿ ಬಡ್ಡಿಗೆ.

ಹೊರಗೆ ಯಾರಿಗೂ ಹೇಳಲಿಲ್ಲ. ತವರಿಗೂ ಹೇಳಲಿಲ್ಲ. ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಗುಂಪಿನ ವಸೂಲಿಗೆ ಬರುವ ಹುಡುಗ ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು, ದುಡ್ಡು ಕೊಡುವವರೆಗೆ ಏಳುವುದಿಲ್ಲ ಅಂದ. ಕತ್ತಲಾಯಿತು. ಮಗಳು ಒಳಗೆ ದೀಪ ಹಾಕದೆ ಪುಸ್ತಕ ಹಿಡಿದುಕೊಂಡು ಕೂತಿದ್ದಳು. ಕೊನೆಗೆ ಗುಂಪಿನ ಉಳಿದ ನಾಲ್ಕು ಹೆಂಗಸರು ನೂರು ಇನ್ನೂರು ಸೇರಿಸಿ ಅವನನ್ನು ಕಳಿಸಿದರು. ಮಾರನೆಯ ದಿನದಿಂದ ಆ ನಾಲ್ವರಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ಟರು. ಅವರದ್ದೇನೂ ತಪ್ಪಿಲ್ಲ. ಅವರ ಮನೆಯ ಹಾಲಿನ ದುಡ್ಡು ಅದು.

2022ರ ಮೇ ತಿಂಗಳಲ್ಲಿ ಪಕ್ಕದ ಕೇರಿಯ ಮಾವ ಒಬ್ಬರು ಅಂಗಡಿಗೆ ಬಂದರು. ಸೊಸೈಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನನ್ನ ಮುಖ ನೋಡಿ ಏನಾಯ್ತು ಅಂದರು. ನಾನು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲು ಹೋಗಲಿಲ್ಲ. "ನಾಳೆ ಮಧ್ಯಾಹ್ನ ಎಲ್ಲ ಕಾಗದ ತೆಗೆದಿಡು, ಬರ್ತೆ" ಅಂದರು ಅಷ್ಟೇ.

ಬಂದರು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಐದು ಗೆರೆ ಎಳೆದರು. ಯಾರಿಗೆ, ಎಷ್ಟು ಬಾಕಿ, ವರ್ಷಕ್ಕೆ ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಎಂದು ಮುಗಿಯುತ್ತದೆ. ನಾನು ಒಂದೊಂದೇ ಹೇಳಿದೆ, ಅವರು ಬರೆದರು. ಸೊಸೈಟಿ 70,000. ಬಂಗಾರದ ಸಾಲ 85,000. ಒಂದು ಕಿರುಸಾಲ 32,000, ಇನ್ನೊಂದು 41,000. ಕೈಸಾಲ 40,000. ಫೋನಿನ ಕಂತು 9,000. ಕಿರಾಣಿ ಅಂಗಡಿಯ ಪುಸ್ತಕದಲ್ಲಿ 11,400. ಒಟ್ಟು 2,88,400. ನನ್ನ ತಲೆಯಲ್ಲಿ ಇದ್ದದ್ದು ಎರಡು ಲಕ್ಷದೊಳಗೆ. ಅಂಕಿ ನೋಡಿ ಕೈ ತಣ್ಣಗಾಯಿತು. ಆದರೆ ಅವತ್ತು ರಾತ್ರಿ ಎರಡು ವರ್ಷದಲ್ಲಿ ಮೊದಲ ಸಲ ನಿದ್ದೆ ಬಂತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಎಷ್ಟು ಅಂತ ಗೊತ್ತಾಯ್ತಲ್ಲ, ಅದಕ್ಕೇ ಇರಬೇಕು.

ಮಾವ ಮೊದಲು ಬೆರಳಿಟ್ಟದ್ದು ಕೈಸಾಲದ ಸಾಲಿನ ಮೇಲೆ. ನೂರಕ್ಕೆ ಐದು ಅಂದರೆ ಬಾಯಲ್ಲಿ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ ಅರವತ್ತು. ತಿಂಗಳಿಗೆ 2,000ದ ಹಾಗೆ 19 ತಿಂಗಳು ಕಟ್ಟಿದ್ದೆ. 38,000 ಹೋಗಿತ್ತು, ಅಸಲು 40,000 ಹಾಗೇ ಕೂತಿತ್ತು. ಬಂಗಾರದ ಸಾಲಕ್ಕೆ ಬ್ಯಾಂಕಿನಲ್ಲಿ ವರ್ಷಕ್ಕೆ ಶೇಕಡಾ 9 ಬಡ್ಡಿ. ನಾನು ಭಯಪಡುತ್ತಿದ್ದದ್ದು ಬ್ಯಾಂಕಿಗೆ. ಮನೆ ತಿನ್ನುತ್ತಿದ್ದದ್ದು ಕೈಸಾಲ.

ಅಡವಿಟ್ಟದ್ದರಲ್ಲಿ ನನ್ನ ಆಯಿ ಕೊಟ್ಟ 28 ಗ್ರಾಮಿನ ಸರವೂ ಇತ್ತು, ಬಳೆಯೂ ಇತ್ತು. ಅಡವಿಟ್ಟ ಮೇಲೆ ಬಂಗಾರದ ದರ ಏರಿತ್ತು. ಅಣ್ಣ ಒಂದು ದಿನದ ಮಟ್ಟಿಗೆ ದುಡ್ಡು ಹಾಕಿ ಬಿಡಿಸಿಕೊಟ್ಟ. ಸರ ಮಾರಿದೆವು. ತಕ್ಕಡಿಯ ಮೇಲೆ ಇಟ್ಟಾಗ ಕೊಂಡಿಯಲ್ಲಿ ಆಯಿಯ ಕಾಲದ ಕೆಂಪು ದಾರ ಒಂದೆಳೆ ಸಿಕ್ಕಿಕೊಂಡಿತ್ತು. ಅಕ್ಕಸಾಲಿಗರು ಅದನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಬಂಗಾರದ ಸಾಲವೂ ಮುಗಿಯಿತು, ಕೈಸಾಲವೂ ಮುಗಿಯಿತು. ಬಳೆ ಉಳಿಯಿತು.

ಆಮೇಲೆ ಮಾವ ನನ್ನನ್ನು ಸೊಸೈಟಿಗೆ ಕರೆದುಕೊಂಡು ಹೋದರು. ಮಳೆಗಾಲದ ಎರಡು ತಿಂಗಳು ಬಡ್ಡಿ ಮಾತ್ರ ಕಟ್ಟಿ, ಅಸಲನ್ನು ಮುಂದೆ ತುಂಬಿಕೊಡುತ್ತೇವೆ ಅಂತ ಅರ್ಜಿ ಕೊಟ್ಟೆವು. ಒಪ್ಪಿದರು. ಎರಡು ವರ್ಷ ನಾನು ಹೆದರಿಕೊಂಡು ಒಳಗೆ ಹೋಗಿರಲಿಲ್ಲ, ಕೇಳಿಯೇ ಇರಲಿಲ್ಲ. ಕೈಸಾಲದ ಬಡ್ಡಿಗೆ ಹೋಗುತ್ತಿದ್ದ 2,000ವನ್ನು ಮೊದಲು ಫೋನಿನ ಸಾಲಕ್ಕೆ ಸೇರಿಸಿದೆವು, ಅದು ಮುಗಿದ ಮೇಲೆ ಸಣ್ಣ ಕಿರುಸಾಲಕ್ಕೆ, ಆಮೇಲೆ ದೊಡ್ಡದಕ್ಕೆ. ಕಿರುಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಅನ್ನೋದು ನನಗೆ ತಿಳಿದದ್ದೂ ಆಗಲೇ. 2024ರ ಮಾರ್ಚ್‌ನಲ್ಲಿ ಕೊನೆಯ ಕಂತು ಕಟ್ಟಿದೆ. ನೋ ಡ್ಯೂ ಕಾಗದ ಕೇಳಿ ಪಡೆದೆ. ಅದರ ಒಂದು ಝೆರಾಕ್ಸ್ ಅಂಗಡಿಯ ಗೋಡೆಯಲ್ಲಿದೆ.

ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಲೆಕ್ಕ ಗೊತ್ತಿರುವ, ಬಡ್ಡಿ ಗೊತ್ತಿರುವ, ಸಾಲ ಮಾರಲು ಬಂದಿರದ ಒಬ್ಬ ಮನುಷ್ಯ ಎರಡು ಮಧ್ಯಾಹ್ನ ಎದುರು ಕೂತರು. ನನಗೆ ಸಿಕ್ಕ ಮಾವ ಎಲ್ಲರಿಗೂ ಸಿಗುವುದಿಲ್ಲ. ಅದೃಷ್ಟದಿಂದ ಸಿಗುವುದನ್ನು ಆಡಳಿತ ಎಲ್ಲರಿಗೂ ಸಿಗುವ ಹಾಗೆ ಮಾಡಬಹುದು. ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ಕಾನೂನು ಇಲ್ಲ ಅಂತ ನಾನು ಹೇಳುವುದಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಬೆದರಿಸಿ ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಸಾಲ ಕೊಡುವ ಸಂಸ್ಥೆಗಳ ನೋಂದಣಿಯ ಅಧಿಕಾರ ಇರುವುದೂ ಜಿಲ್ಲಾಧಿಕಾರಿಗಳ ಕೈಯಲ್ಲೇ. ಒಳ್ಳೆಯ ಕೆಲಸ. ಆದರೆ ಆ ವಾರ ನನ್ನ ಅಂಗಡಿಯಲ್ಲಿ ಏನಾಯ್ತು ಗೊತ್ತಾ? ಹತ್ತಾರು ಜನ ಬಂದು "ಸಾಲ ಮನ್ನಾ ಆಯ್ತಂತಲ್ಲ, ಅರ್ಜಿ ಯಾವುದು?" ಅಂತ ಕೇಳಿದರು. ಕೆಲವರು ಕಂತನ್ನೇ ನಿಲ್ಲಿಸಿಬಿಟ್ಟರು. ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲದ ಮಾತೇ ಬೇರೆ, ಬ್ಯಾಂಕಿನ ಸಾಲದ ಮಾತೇ ಬೇರೆ, ಬೆದರಿಸುವುದು ಅಪರಾಧವಾದರೂ ತಗೊಂಡ ಸಾಲ ಸಾಲವೇ ಅಂತ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ತಿಂಗಳುಗಟ್ಟಲೆ ಕಟ್ಟದೆ ಬಾಕಿ ಬೆಳೆದು, ಸಿಬಿಲ್ (ಸಾಲ ಸರಿಯಾಗಿ ಕಟ್ಟಿದ್ದರ ದಾಖಲೆ) ಕೆಟ್ಟು, ಈಗ ಮತ್ತೆ ಕೈಸಾಲಕ್ಕೆ ಹೋದ ಮನೆಗಳನ್ನು ನಾನು ನೋಡಿದ್ದೇನೆ. ನನಗೆ ಇದರ ಬಗ್ಗೆ ನಿಜವಾಗಿ ಸಂಕಟ ಇದೆ. ಆ ಕಾನೂನು ಬಂದ ದಿನವೇ ಪ್ರತಿ ಪಂಚಾಯತಿಯಲ್ಲಿ ಒಬ್ಬರು ಕೂತು ತಿಳಿಸಿ ಹೇಳಿದ್ದರೆ ಇಷ್ಟು ಗೊಂದಲ ಆಗುತ್ತಿರಲಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಕಿರುಸಾಲ ತಗೊಂಡವರಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ. ನೆಂಟರಿಷ್ಟರಿಗೆ, ಕೆಲಸದ ಜಾಗದವರಿಗೆ ಕಿರುಕುಳ ಕೊಡುವ ಹಾಗಿಲ್ಲ. ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲಿ ಆಗಬೇಕು. ಸಾಲ ತಗೊಂಡವರು ಅಲ್ಲಿಗೆ ಎರಡು ಸಲ ಬೆನ್ನುಬೆನ್ನಿಗೆ ಬಾರದೆ ಇದ್ದರೆ ಮಾತ್ರ ವಸೂಲಿಯವರು ಮನೆಗೆ ಬರಬಹುದು. ಸಾಲದ ಕಾರ್ಡು, ಸಾಲ ತಗೊಂಡವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ನಮ್ಮ ಜಗಲಿಯಲ್ಲಿ ಆ ಹುಡುಗ ಕತ್ತಲಾಗುವವರೆಗೆ ಕೂತಾಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ. ಅವನೂ ನಮ್ಮಂಥ ಮನೆಯವನೇ. ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಅವನ ಸಂಬಳಕ್ಕೇ ಕತ್ತರಿ ಅಂತ ಆಮೇಲೆ ತಿಳಿಯಿತು.

ಇನ್ನೊಂದು ವಿಷಯ ತಮ್ಮ ಗಮನಕ್ಕೆ ತರಲೇಬೇಕು. ನಾನು ಕೇಳುತ್ತಿರುವುದು ಹೊಸದಲ್ಲ. 2009ರಲ್ಲಿ ರಿಸರ್ವ್ ಬ್ಯಾಂಕ್ ಆರ್ಥಿಕ ಸಾಕ್ಷರತೆ ಮತ್ತು ಸಾಲ ಸಲಹಾ ಕೇಂದ್ರಗಳ ಮಾದರಿ ಯೋಜನೆ ಕೊಟ್ಟಿತ್ತು. ಸಾಲದಲ್ಲಿ ಬಿದ್ದವರಿಗೆ ಉಚಿತವಾಗಿ ಸಲಹೆ ಕೊಡುವುದೂ ಅದರ ಕೆಲಸವಾಗಿತ್ತು. 2012ರಲ್ಲಿ ಅವು ಆರ್ಥಿಕ ಸಾಕ್ಷರತಾ ಕೇಂದ್ರಗಳಾದವು. ಹೆಸರಿನಿಂದ ಸಾಲ ಸಲಹೆ ಅನ್ನುವ ಮಾತು ಹೋಯಿತು, ನಮ್ಮ ಕಡೆ ಕೆಲಸದಿಂದಲೂ ಹೋದ ಹಾಗೆ ಕಾಣುತ್ತದೆ. ನಾನು ಕೂತ ಶಿಬಿರಗಳಲ್ಲಿ ಖಾತೆ ತೆರೆಯುವುದು, ವಿಮೆ ಮಾಡಿಸುವುದು, ಮೊಬೈಲಿನಲ್ಲಿ ದುಡ್ಡು ಕಳಿಸುವುದು ಎಲ್ಲ ಚೆನ್ನಾಗಿ ಹೇಳಿಕೊಟ್ಟರು. ಹಿಂದಿನ ಸಾಲಿನಲ್ಲಿ ಕೂತ ಹೆಂಗಸಿಗೆ ನಾಲ್ಕು ಸಾಲ ಇದ್ದರೆ ಅವಳು ಅದನ್ನು ಮೈಕಿನ ಎದುರು ಕೇಳುತ್ತಾಳಾ? ಕೇಳುವುದಿಲ್ಲ. ಇದು ಒಬ್ಬರ ಎದುರು ಒಬ್ಬರು ಕೂತು, ಸಣ್ಣ ದನಿಯಲ್ಲಿ ಮಾತಾಡುವ ವಿಷಯ.

ಹಾಗಾಗಿ ನಾನು ಕೇಳುವ ಮೇಜು ಹೀಗಿರಲಿ. ವಾರಕ್ಕೆ ಒಂದು ದಿನ, ತಾಲ್ಲೂಕು ಕಚೇರಿಯಲ್ಲೋ ಪಟ್ಟಣದ ಯಾವುದಾದರೂ ಸರ್ಕಾರಿ ಕೋಣೆಯಲ್ಲೋ. ಬಾಗಿಲಿಗೆ ಪರದೆ ಇರಲಿ. ಲೆಕ್ಕ ಬಲ್ಲ ಒಬ್ಬರು ಬೇಕು. ನಮ್ಮ ಜಿಲ್ಲೆಯಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಸೊಸೈಟಿ ಗುಮಾಸ್ತರು, ಗಣಿತದ ಮಾಸ್ತರರು ಬೇಕಾದಷ್ಟು ಇದ್ದಾರೆ. ಶಿರಸಿ, ಸಿದ್ದಾಪುರದ ಕಡೆ ಸೊಸೈಟಿಯಲ್ಲೇ ಜನ್ಮ ಕಳೆದವರಿದ್ದಾರೆ. ಕೇಳಿದರೆ ಬರುತ್ತಾರೆ, ಹೋಗಿಬರುವ ಖರ್ಚು ಕೊಟ್ಟರೆ ಸಾಕು. ಜೊತೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಒಬ್ಬ ವಕೀಲರು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಅಂತ 1987ರ ಕಾಯ್ದೆಯಲ್ಲೇ ಇದೆ. ಅದನ್ನು ಹುಡುಕಿಕೊಂಡು ಹೋಗಲು ಕೋರ್ಟಿನ ಮೆಟ್ಟಿಲು ಹತ್ತಬೇಕು ಅಂದರೇನೇ ನಮ್ಮವರು ಹಿಂದೆ ಸರಿಯುತ್ತಾರೆ. ವಕೀಲರೇ ಮೇಜಿಗೆ ಬಂದರೆ, ಮಾತುಕತೆಯಲ್ಲಿ ಮುಗಿಯುವ ಸಾಲವನ್ನು ಲೋಕ ಅದಾಲತ್‌ಗೆ ಇಡಬಹುದು. ಅಲ್ಲಿ ಕೋರ್ಟ್ ಫೀ ಇಲ್ಲ, ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ.

ಆ ಮೇಜಿನಿಂದ ಯಾವ ಸಾಲವೂ ಮಂಜೂರಾಗಬಾರದು. ಇದನ್ನು ಒತ್ತಿ ಹೇಳುತ್ತೇನೆ. ಹಳೆಯ ಸಾಲ ತೀರಿಸಲು ಹೊಸ ಸಾಲ ಕೊಡುವ ಕೌಂಟರ್ ಆಗಿಬಿಟ್ಟರೆ ಅದು ಮತ್ತೊಂದು ಬಾಗಿಲಾಗುತ್ತದೆ. ಸಾಲದ ಕಂಪನಿಯ ಯಾರೂ ಅಲ್ಲಿ ಕೂರುವುದು ಬೇಡ.

ಬ್ಯಾಂಕಿನವರಿಗೂ ಒಂದು ಮಾತು. ಜಿಲ್ಲಾಧಿಕಾರಿಗಳಾದ ತಮ್ಮ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಬ್ಯಾಂಕುಗಳ ಸಭೆ ನಡೆಯುತ್ತದೆ. ಯಾವ ಬ್ಯಾಂಕ್ ಎಷ್ಟು ಸಾಲ ಕೊಟ್ಟಿತು, ಗುರಿ ಮುಟ್ಟಿತೋ ಇಲ್ಲವೋ ಅಂತ ಅಲ್ಲಿ ನೋಡುತ್ತೀರಿ. ದಯವಿಟ್ಟು ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ಕಷ್ಟದಲ್ಲಿರುವವರು ಎಷ್ಟು ಜನ ಅವಧಿ ಬದಲಿಸಿಕೊಡಿ ಅಂತ ಅರ್ಜಿ ಕೊಟ್ಟರು, ಎಷ್ಟು ಜನರಿಗೆ ಬದಲಿಸಿಕೊಟ್ಟಿರಿ? ಸಮುದ್ರ ನಂಬಿದವರ ಕಂತು ಸಮುದ್ರದ ಹಾಗೇ ಇರಬೇಕು ಅಲ್ವಾ? ಮೀನುಗಾರಿಕೆ ಬಂದ್ ಇರುವ 61 ದಿನಕ್ಕೆ ಬೇರೆ ಕಂತು, ಆಗಸ್ಟಿನ ಮೇಲೆ ಬೇರೆ ಕಂತು ಮಾಡುವುದು ಕಷ್ಟದ ಕೆಲಸ ಅಲ್ಲ. ನಮ್ಮ ಸೊಸೈಟಿ ಮಾಡಿತ್ತು. ಮೇ ತಿಂಗಳಲ್ಲಿ ಹೆದ್ದಾರಿ ಬದಿ ಕರಿ ಇಶಾಡ ಮಾವು ಮಾರುವವರು, ಅಘನಾಶಿನಿಯಲ್ಲಿ ಬಳಚು ತೆಗೆಯುವವರು, ಕುಮಟಾದ ಸಿಹಿ ಈರುಳ್ಳಿ ಕಟ್ಟಿ ಮಾರುವವರು, ಇವರೆಲ್ಲರ ದುಡ್ಡಿಗೂ ಒಂದು ಕಾಲ ಇದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ರಸ್ತೆಬದಿಯ ವ್ಯಾಪಾರವನ್ನೇ ನಂಬಿದ್ದವರ ಕೈ ಕಟ್ಟಿಹೋಯಿತು. ಕಂತಿನ ದಿನ ಮಾತ್ರ ಬದಲಾಗಲಿಲ್ಲ.

ನೋಂದಣಿ ಮಾಡಿಸಿಕೊಂಡ, ಸಾಲ ಕೊಡುವ ಸಂಸ್ಥೆಗಳ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯತಿಯ ಬೋರ್ಡಿಗೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಹಾಕಿಸಿ. ಕಾರವಾರದ ಕಡೆ ಕೊಂಕಣಿಯಲ್ಲೂ ಬಾಯಿಮಾತಿನಲ್ಲಿ ತಿಳಿಸಿ. ಯಾರು ಲೈಸೆನ್ಸ್ ಇರುವವರು, ಯಾರು ಇಲ್ಲದವರು ಅಂತ ಗೊತ್ತಾದರೆ ಇಲ್ಲದವರನ್ನು ಅರ್ಧ ಜನ ಬಾಗಿಲಲ್ಲೇ ತಡೆಯುತ್ತಾರೆ.

ಈಗ ನನ್ನ ಅಕ್ಕತಂಗಿಯರಿಗೆ.

ಮೇಜು ಬರುವವರೆಗೆ ಕಾಯಬೇಡಿ. ಒಂದು ನೋಟ್‌ಬುಕ್ ತಗೊಳ್ಳಿ, ಐದು ಗೆರೆ ಎಳೆಯಿರಿ, ನಾನು ಮೇಲೆ ಹೇಳಿದ ಹಾಗೆ ಬರೆಯಿರಿ. ಬಡ್ಡಿಯನ್ನು ಯಾವಾಗಲೂ ವರ್ಷದ ಲೆಕ್ಕಕ್ಕೆ ತನ್ನಿ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36. ನೂರಕ್ಕೆ ಹತ್ತು ಅಂದರೆ 120. "ಬರೀ 12 ಪರ್ಸೆಂಟು" ಅಂದವರನ್ನೂ ಒಂದು ಮಾತು ಕೇಳಿ: ಫ್ಲ್ಯಾಟ್ ಬಡ್ಡಿಯಾ, ಇಳಿಕೆ ಬಡ್ಡಿಯಾ? 50,000ಕ್ಕೆ ಎರಡು ವರ್ಷಕ್ಕೆ ಫ್ಲ್ಯಾಟ್ 12 ಅಂದರೆ 12,000 ಬಡ್ಡಿ ಸೇರಿಸಿ ತಿಂಗಳಿಗೆ 2,583 ಕಟ್ಟುತ್ತೀರಿ. ಅಸಲು ತಿಂಗಳು ತಿಂಗಳು ಕಡಿಮೆಯಾಗುತ್ತಾ ಹೋದರೂ ಬಡ್ಡಿ ಪೂರಾ 50,000ದ ಮೇಲೇ ಬೀಳುತ್ತದೆ. ನಿಜವಾದ ಬಡ್ಡಿ ಆಗ 21 ದಾಟುತ್ತದೆ. ಸಾಲದ ಪೂರ್ತಿ ಖರ್ಚನ್ನು ವಾರ್ಷಿಕ ದರದಲ್ಲಿ ತೋರಿಸುವ ಒಂದು ಹಾಳೆ ಕೊಡಬೇಕು ಅಂತ ನಿಯಮ ಇದೆ. ಕೇಳಿ ತಗೊಳ್ಳಿ. ಓದಲು ಆಗದಿದ್ದರೆ ಮಕ್ಕಳ ಹತ್ತಿರ ಓದಿಸಿ, ಆಮೇಲೆ ಸಹಿ ಮಾಡಿ.

ನಿಮ್ಮ ಹೆಸರಲ್ಲಿ ಎಷ್ಟು ಸಾಲ ಇದೆ ಅಂತ ನಿಮಗೇ ಅನುಮಾನ ಇದ್ದರೆ, ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ವರದಿ ಪುಕ್ಕಟೆ ಕೊಡಬೇಕು. ಬೇರೆಯವರಿಗಾಗಿ ನಿಮ್ಮ ಹೆಸರಲ್ಲಿ ಎತ್ತಿದ ಸಾಲವೂ ಅದರಲ್ಲಿ ಕಾಣುತ್ತದೆ. ನನ್ನ ಅಂಗಡಿಯಲ್ಲಿ ತೆಗೆಸಿದ ಒಬ್ಬ ತಂಗಿಗೆ, ನಾದಿನಿಯ ಗಂಡ ಇವಳ ಹೆಸರಲ್ಲಿ ಎತ್ತಿಸಿದ ಸಾಲ ಇನ್ನೂ ಬಾಕಿ ಇದೆ ಅಂತ ತಿಳಿದದ್ದೇ ಹಾಗೆ. ತೀರಿಸಿದ್ದೇನೆ ಅಂತ ಅವರು ಎರಡು ವರ್ಷ ಹೇಳುತ್ತಾ ಬಂದಿದ್ದರು.

ಯಾರಾದರೂ ಬೈದರೆ, ಬೆದರಿಸಿದರೆ ದಿನಾಂಕ, ಹೊತ್ತು, ಮಾತು ಮೂರನ್ನೂ ಬರೆದಿಡಿ. ಮೊದಲು ಆ ಸಂಸ್ಥೆಗೇ ಬರಹದಲ್ಲಿ ದೂರು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ದೂರು ಕೊಡಬಹುದು. ಫೀಸ್ ಇಲ್ಲ. ಮಾಹಿತಿಗೆ 14448 ನಂಬರ್. ಕಾನೂನು ಸಹಾಯಕ್ಕೆ 15100. ಮೊಬೈಲ್ ಆಪ್‌ನಲ್ಲಿ ಸಾಲ ತಗೊಂಡು ಫೋಟೋ ತಿರುಚಿ ಹೆದರಿಸುತ್ತಿದ್ದರೆ 1930ಕ್ಕೆ ಫೋನ್ ಮಾಡಿ. "ನಿಮ್ಮ ಸಾಲ ಮನ್ನಾ ಮಾಡಿಸಿಕೊಡ್ತೇವೆ, ಮೊದಲು ಮೂರು ಸಾವಿರ ಕೊಡಿ" ಅನ್ನುವವರಿಗೆ ಒಂದು ಪೈಸೆ ಕೊಡಬೇಡಿ.

ರಾತ್ರಿ ಬೇಡದ ಯೋಚನೆ ಬರುತ್ತದೆ. ನನಗೂ ಬಂದಿತ್ತು. ಅದನ್ನು ಮುಚ್ಚಿಟ್ಟುಕೊಳ್ಳಬೇಡಿ. ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲ ಅಂದರೆ ಪಕ್ಕದ ಮನೆಯ ಬಾಗಿಲು ತಟ್ಟಿ. ನನ್ನ ಜೊತೆ ಮಾತು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ನಾನು ಸಾಲ ತೀರಿಸಿದ ದಿನ ಮನೆಗೆ ಬಂದು, ಒಂದು ಬಾಳೆಎಲೆ ತುಂಬ ಬಂಗಡೆ ಇಟ್ಟು ಹೋದಳು.

ಇನ್ನು ಕವರ್ ತಂದ ಅಕ್ಕನ ವಿಷಯ. ಅವರು ಐದನೆಯ ಕಾರ್ಡು ತಗೊಳ್ಳಲಿಲ್ಲ. ಮಾವನನ್ನೇ ಕರೆಸಿದೆವು. ಮಾವನಿಗೆ ಈಗ ಕಣ್ಣು ಸ್ವಲ್ಪ ಮಂಜು, ಅಂಕಿಯನ್ನು ನಾನೇ ಓದಿ ಹೇಳಿದೆ. ನಾಲ್ಕರಲ್ಲಿ ಎರಡು ಕಡೆಯವರು ಅವಧಿ ಬದಲಿಸಲು ಒಪ್ಪಿದರು, ಎರಡು ಕಡೆಯವರು ಒಪ್ಪಲಿಲ್ಲ. ಇನ್ನೂ ಪೂರ್ತಿ ಮುಗಿದಿಲ್ಲ. ಪ್ರತಿ ತಿಂಗಳು ಐದಕ್ಕೆ ಅಂಗಡಿಗೆ ಬಂದು, ನೋಟ್‌ಬುಕ್ಕಿನಲ್ಲಿ ಕಟ್ಟಿದ್ದನ್ನು ಬರೆಸಿ, ಉಳಿದದ್ದು ಎಷ್ಟು ಅಂತ ಕೇಳಿಕೊಂಡು ಹೋಗುತ್ತಾರೆ. ಈಗ ಒಟ್ಟು ಮೊತ್ತ ಅವರ ಬಾಯಲ್ಲೇ ಇದೆ.

ಅವರನ್ನು ನೋಡಿ ಇನ್ನೂ ಒಂಬತ್ತು ಜನ ಬಂದಿದ್ದಾರೆ. ಮಾವನಿಗೆ ವಯಸ್ಸಾಯಿತು. ನನಗೆ ಅಂಗಡಿ ನೋಡಬೇಕು. ಕಾನೂನಿನ ಮಾತು ಬಂದಾಗ ನನಗೆ ತಿಳಿದದ್ದು ಸಾಲದು, ತಪ್ಪು ಹೇಳಿಬಿಟ್ಟರೆ ಅಂತ ಹೆದರಿಕೆ ಆಗುತ್ತದೆ.

ಜಿಲ್ಲೆಯ ಹನ್ನೆರಡು ತಾಲ್ಲೂಕಿನಲ್ಲಿ ಒಟ್ಟಿಗೇ ಶುರುಮಾಡಲು ಆಗದಿದ್ದರೆ ಕರಾವಳಿಯ ಐದರಲ್ಲಿ ಮಾಡಿ. ಐದೂ ಕಷ್ಟವಾದರೆ ಒಂದರಲ್ಲಿ. ಜೂನ್ 1ಕ್ಕೆ ಬೋಟುಗಳು ದಡಕ್ಕೆ ಬರುವ ಮೊದಲು, ಮೇ ತಿಂಗಳಲ್ಲೇ ಮೊದಲ ದಿನ ಇಟ್ಟರೆ ಅನುಕೂಲ. ಬೆಳಿಗ್ಗೆ ಬೇಡ, ಮೀನು ಮಾರುವವರಿಗೆ ಆಗುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ಇಡಿ. ಝೆರಾಕ್ಸ್ ಬೇಕಾದರೆ ನಾನು ದುಡ್ಡು ತಗೊಳ್ಳದೆ ತೆಗೆದುಕೊಡುತ್ತೇನೆ. ಕುರ್ಚಿ ಕಡಿಮೆ ಬಿದ್ದರೆ ನನ್ನ ಅಂಗಡಿಯ ಎರಡು ಕುರ್ಚಿ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಂಕೋಲೆಯ ಒಬ್ಬ ಝೆರಾಕ್ಸ್ ಅಂಗಡಿಯವಳು